ಹೊಲದಲ್ಲಿ ಇಲ್ಲದ ಜನ

ಅವ್ವ ಜೋಳ ಹಸನು ಮಾಡುತ್ತಿದ್ದಳು. ಮೊರದ ಒಂದು ಅಂಚು ಅವಳ ಮೊಣಕಾಲ ಮೇಲೆ, ಇನ್ನೊಂದು ನೆಲದ ಮೇಲೆ. ಕಾಳು ಸರಿಸುವಳು, ಕಲ್ಲು ಹೆಕ್ಕುವಳು, ಬಾಗಿಲಾಚೆ ಎಸೆಯುವಳು. ಎದುರಿಗೆ ಕೂತ ರಾಚವ್ವನೂ ಮೊರಕ್ಕೆ ಕೈ ಹಾಕಿದ್ದಳು.

ನಾನು ಗೋಡೆಗೆ ಒರಗಿ ರಾಚವ್ವನ ಮೊಬೈಲಿನಲ್ಲಿ ಆ ವಿಡಿಯೊವನ್ನು ಏಳನೆಯ ಸಲ ನೋಡುತ್ತಿದ್ದೆ.

ಎಳ್ಳ ಅಮಾವಾಸ್ಯೆಯ ದಿನ. ಗಾಳಿಯಿಂದ ಕರೆಂಟು ತೆಗೆಯುವ ಕರಿಗುಡ್ಡದ ಹದಿನೇಳನೆಯ ಫ್ಯಾನಿನ ಕ್ಯಾಮೆರಾ. ಬೆಳಗಿನ ಆರರಿಂದ ಸಂಜೆ ಆರರ ತನಕ. ಅದರಲ್ಲಿ ನನ್ನ ಅಪ್ಪ ಎಲ್ಲೂ ಇಲ್ಲ.

ಆ ಫ್ಯಾನಿನ ಬುಡದ ಟ್ರಾನ್ಸ್‌ಫಾರ್ಮರ್ ಬೇಲಿಯ ಹತ್ತಿರ ಅಂದು ರಾತ್ರಿ ಕರೆಂಟು ಹೊಡೆದು ಸುಟ್ಟು ಸತ್ತು ಸಿಕ್ಕ ಅಪ್ಪನನ್ನು ಫ್ಯಾನಿನ ಕಂಪನಿ ತಾಮ್ರದ ತಂತಿ ಕದಿಯಲು ಬಂದ ಕಳ್ಳ ಎಂದಿತ್ತು. ನಾಳೆ ಹನ್ನೊಂದು ಗಂಟೆಗೆ ಸವದತ್ತಿಯ ವಿಚಾರಣೆಯಲ್ಲಿ ಆ ಮಾತು ಕಾಗದದ ಮೇಲೆ ಕೂತು, ಪ್ರಕರಣ ಮುಗಿದುಹೋಗಲಿತ್ತು. ಆಮೇಲೆ ದುರ್ಗಪ್ಪ ಎಂದರೆ ಕಳ್ಳ, ಲಗಮವ್ವ ಎಂದರೆ ಕಳ್ಳನ ಹೆಂಡತಿ. ನಾನು ಏನೆಂದು ಹೇಳಬೇಕಾಗಿಲ್ಲ.

ಅಪ್ಪನಿಗೆ ಕಂಪನಿ ಕೊಟ್ಟ ಕೆಲಸ ಬೇರೆಯೇ ಇತ್ತು. ಫ್ಯಾನಿನ ರೆಕ್ಕೆಗೆ ಬಡಿದು ಬಿದ್ದ ಹಕ್ಕಿಗಳನ್ನು ಹುಡುಕುವುದು. ಕರಿಗುಡ್ಡದ ಮೇಲೆ ನಲವತ್ತೊಂದು ಫ್ಯಾನು ನಿಲ್ಲಿಸಲು ಪರವಾನಗಿ ಕೊಟ್ಟವರು ಒಂದು ಶರತ್ತು ಹಾಕಿದ್ದರು. ವರ್ಷಕ್ಕೆ ಏಳು ದೊಡ್ಡ ಹದ್ದು ಸಾಯಬಹುದು. ಎಂಟನೆಯದು ಬಿದ್ದ ದಿನದಿಂದ ಮಾರ್ಚಿಗೆ ವರ್ಷ ಮುಗಿಯುವವರೆಗೆ ಹಗಲು ಹೊತ್ತು ಎಲ್ಲ ಫ್ಯಾನು ನಿಲ್ಲಬೇಕು. ಎಣಿಸುವುದು ಕ್ಯಾಮೆರಾ, ಅದರ ಹಿಂದಿನ ಎಐ ಯಂತ್ರ. ಹದ್ದು ಹತ್ತಿರ ಬಂದರೆ ಫ್ಯಾನು ನಿಲ್ಲಿಸುವುದೂ ಅದೇ. ಮನುಷ್ಯ ಸುಳ್ಳು ಹೇಳುತ್ತಾನೆ, ಯಂತ್ರ ಹೇಳುವುದಿಲ್ಲ ಎಂದು ಶರತ್ತು ಬರೆದವರು ನಂಬಿದ್ದರು.

ಪೊಲೀಸರೂ ಅದನ್ನೇ ನಂಬಿದರು. ಹಗಲೆಲ್ಲ ದುರ್ಗಪ್ಪ ಅಲ್ಲಿ ಕಾಣುವುದಿಲ್ಲ, ಅಂದರೆ ಅವನು ಕೆಲಸಕ್ಕೆ ಬಂದಿಲ್ಲ, ಕತ್ತಲಾದ ಮೇಲೆ ಕದಿಯಲು ಬಂದಿದ್ದಾನೆ. ಅಂದು ಹನ್ನೊಂದು ಗಂಟೆಗೆ ಫೋನು ಬಂದ ಮೇಲೆ ಅವನು ಕಂಬಳಿ ಹೊದ್ದು, ಉದ್ದನೆಯ ಬಿದಿರಿನ ಗಳ ಹಿಡಿದುಕೊಂಡು ಹೋದ ಎಂದು ಅವ್ವ ಹೇಳಿದ್ದಳು. ಬರೆದುಕೊಂಡವನು ಪೆನ್ನು ಎತ್ತಿ, "ಹೆಂಡ್ತಿ ಮಾತು," ಎಂದು ಪಕ್ಕದವನಿಗೆ ಹೇಳಿದ್ದನ್ನು ನಾನು ಕೇಳಿದ್ದೆ.

"ಮಾಲಾ," ರಾಚವ್ವ ಕರೆದಳು. "ಆ ಬುಟ್ಟಿ ಹೊತ್ತಾಕಿ ಯಾರ?"

ರಾಚವ್ವ ಅವ್ವನ ತೌರೂರಿನವಳು. ಬೈಲಹೊಂಗಲದಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಳಾದವಳು. ಅವ್ವನ ಒಂದು ಫೋನಿಗೆ ಎದ್ದು ಬಂದು, ಹದಿನೈದು ದಿನದಿಂದ ನಮ್ಮ ಮನೆಯಲ್ಲೇ ಉಂಡು ಮಲಗಿ, ಊರೆಲ್ಲ ತಿರುಗುತ್ತಿದ್ದಳು. ಈ ವಿಡಿಯೊದ ಪ್ರತಿ ನಿನ್ನೆ ಸಂಜೆಯಷ್ಟೇ ಅವಳ ಕೈಗೆ ಸಿಕ್ಕಿತ್ತು.

ನಾನು ವಿಡಿಯೊ ನಿಲ್ಲಿಸಿದೆ. ಹತ್ತೂವರೆ ಗಂಟೆ. ಫ್ಯಾನಿನ ಕೆಳಗಿನ ಜೋಳದ ಹೊಲದಲ್ಲಿ ಹನ್ನೆರಡು ಮಂದಿ. ಒಬ್ಬಳ ತಲೆಯ ಮೇಲೆ ಬುಟ್ಟಿ. ಮುಂದೆ ಒಬ್ಬ ಗಂಡಸು ಭೂಮಿತಾಯಿಗೆ ಚರಗವೆಂದು ಅನ್ನ, ಪಲ್ಯ, ಕಡುಬಿನ ಚೂರು ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲುತ್ತಿದ್ದಾನೆ. ಬಾಯಿ ತೆರೆದಿದ್ದಾನೆ. ಕೂಗು ಕೇಳಿಸುವುದಿಲ್ಲ. ಈ ಕ್ಯಾಮೆರಾಕ್ಕೆ ಕಿವಿ ಇಲ್ಲ.

"ಗೊತ್ತಾಗವಲ್ದು ದೊಡ್ಡವ್ವಾ. ಮಾರಿ ಸಣ್ಣದು ಕಾಣತೈತಿ."

"ಮಾರಿ ಸಣ್ಣದೈತೋ, ಮಾರೀನ ಇಲ್ಲೋ? ಹದಿನೈದ ದಿನಾ ಆತು ನಿಮ್ಮೂರಾಗ ತಿರಗಾಕ ಹತ್ತಿ. ನೀರಿಗೆ ಹೋಗೂ ಹೆಂಗಸರ ನಡಿಗಿ ಸೈತ ನನಗ ಪರಿಚಯ ಆಗೈತಿ. ಇದರಾಗ ಒಬ್ಬರೂ ಸಿಗವಲ್ರು."

"ಏನ ನೋಡಾಕ ಹತ್ತೀರಿ?" ಅವ್ವ ತಲೆ ಎತ್ತದೆ ಕೇಳಿದಳು.

"ನಿಮ್ಮೂರ ಮಂದಿ ಚರಗ ಚೆಲ್ಲೂದನ್ನ."

ಅವ್ವನ ಕೈ ನಿಂತಿತು. "ಯಾವ ಚರಗ?"

"ಎಳ್ಳ ಅಮಾಸಿ ಚರಗ. ಮತ್ಯಾವ್ದ ಲಗಮವ್ವಾ?"

"ಈ ವರ್ಷ ಚರಗ ಎಲ್ಲಿ ಚೆಲ್ಲೇವಿ ಅಕ್ಕಾ?" ಅವ್ವ ಹೇಳಿದಳು. "ಅವತ್ತ ಮುಂಜಾನೆ ಹಿರೇರ ಮನಿ ಕೆಂಪಜ್ಜಿ ಹೋದ್ಲು. ಮಕ್ಕಳು ಸೊಲ್ಲಾಪುರದಿಂದ ಬರೂತನಾ ಕಾಯಬೇಕಾತು. ಹೆಣ ಊರಾಗ ಇಟಗೊಂಡು ಹೊಲಕ್ಕ ಬುಟ್ಟಿ ಹೊತ್ತ ಯಾರ ಹೋಗತಾರ? ಮಾಡಿದ ಅಡಿಗಿ ಮಾಡಿದಂಗ ಇತ್ತು. ಐದಕ್ಕ ಮಣ್ಣ ಮಾಡಿದ್ರು. ಊರ ಮಂದಿ ಎಲ್ಲಾ ಅವರ ಮನಿ ಮುಂದ ಕುಂತಿದ್ರು."

"ಎಲ್ಲಾರೂ?"

"ಎಲ್ಲಾರೂ. ಫೋನ್ ಬಂತಂತ ಇವರೊಬ್ಬರ ಎದ್ದ ಹೋದ್ರು. ಅವತ್ತ ಆ ಗುಡ್ಡದ ಕಡೆ ಇವರೊಬ್ಬರ ಇದ್ರು ನೋಡ ಅಕ್ಕಾ."

ರಾಚವ್ವ ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ.

ಇಪ್ಪತ್ತೆರಡು ದಿನ. ಠಾಣೆಯವರು ಅವ್ವನಿಗೆ ಈ ವಿಡಿಯೊ ತೋರಿಸಿರಲಿಲ್ಲ. ಓದು ಬರಹ ಬಾರದ ಹೆಂಗಸಿಗೆ ಏನು ತಿಳಿಯುತ್ತದೆ ಎಂದುಕೊಂಡಿರಬೇಕು. ಅವಳು ಅಳುತ್ತಾಳೆ ಎಂದು ನಾನೂ ತೋರಿಸಿರಲಿಲ್ಲ. ಅಂದು ನಾನು ಆರೂವರೆಯ ಬಸ್ಸಿಗೆ ಸವದತ್ತಿಗೆ ಹೋಗಿದ್ದೆ. ಕೆಂಪಜ್ಜಿ ಸತ್ತದ್ದು ಆಮೇಲೆ ಗೊತ್ತಾಗಿತ್ತು, ಆದರೆ ಮರುದಿನದಿಂದ ಊರಲ್ಲಿ ಅಪ್ಪನ ಸಾವು ಬಿಟ್ಟು ಬೇರೆ ಮಾತಿರಲಿಲ್ಲ. ತೊಂಬತ್ತು ದಾಟಿದ ಮುದುಕಿಯ ಸಾವು ಅದರ ಕೆಳಗೆ ಮುಚ್ಚಿಹೋಗಿತ್ತು.

"ಹಂಗಾರ ಈ ಹನ್ನೆರಡ ಮಂದೀನ ಯಂತ್ರ ಹಡೆದೈತಿ," ರಾಚವ್ವ ಎದ್ದು ನಿಂತಳು. "ಬೆಂಗಳೂರಾಗ ಕುಂತ ಯಾವನೋ ಹಳೇ ಚಿತ್ರ ಹಾಕಿ ಹೊಸಾದು ಹೆಣಸ್ಯಾನ. ನಾ ಮೊದಲ ಹೇಳಿದ್ನಿಲ್ಲ, ಇದು ಮ್ಯಾಲಿನವರ ದಗದ ಅಂತ."

ನನಗೆ ನಾಲ್ಕು ಮಂದಿಯ ಎದುರು ಮಾತು ಬರುವುದಿಲ್ಲ. ಅಲ್ಲಿ ಇದ್ದವರು ಇಬ್ಬರೇ, ಆದರೂ ನೆಲ ನೋಡುತ್ತ ಹೇಳಿದೆ.

"ಅಲ್ಲ ದೊಡ್ಡವ್ವಾ. ಹೊರಗಿನಾಂವ ಮಾಡಿದ್ರ ಹೊಲ ಖಾಲಿ ಇರತಿತ್ತು."

"ಏನಂದಿ?"

"ಬೆಂಗಳೂರಿನಾಂವಗ ಎಳ್ಳ ಅಮಾಸಿ ಏನ ಗೊತ್ತು? ಅವರು ಬರೇ ಜ್ವಾಳಾ, ಬರೇ ಬಿಸಲು ತೋರಸ್ತಿದ್ರು. ಅವತ್ತ ಹೊಲ ಖಾಲೀನ ಇತ್ತು, ಸುಳ್ಳು ಸರಿ ಹೋಗತಿತ್ತು. ಇದನ್ನ ಮಾಡಿದಾಂವಗ ಅಮಾಸಿ ದಿನಾ ಹೊಲದಾಗ ಮಂದಿ ಇರಬೇಕು ಅಂತ ಗೊತ್ತೈತಿ. ಆದ್ರ ಅವತ್ತ ಊರಾಗ ಹೆಣ ಇತ್ತು ಅಂತ ಗೊತ್ತಿಲ್ಲ."

ರಾಚವ್ವ ಮತ್ತೆ ಕೂತಳು.

"ನಮ್ಮಾಂವ. ಆದ್ರ ಅವತ್ತ ಊರಾಗ ಇಲ್ಲದಾಂವ," ಎಂದಳು. "ಇಷ್ಟ ತಲಿ ಇದ್ದಾಕಿ ಎಂಟನೇದಕ್ಕ ಸಾಲಿ ಯಾಕ ಬಿಟ್ಟಿ ನೀ?"

ಉತ್ತರಕ್ಕೆ ಕಾಯದೆ ಅವಳೇ ಮುಂದುವರಿಸಿದಳು.

"ಕಂಪನಿಯೊಳಗ ಈ ಚಿತ್ರದ ದಗದ ಬಲ್ಲ ನಿಮ್ಮೂರ ಮಂದಿ ಎಷ್ಟ?"

"ಮೂರು. ನಾನು. ಸುಭಾಸ."

"ಸುಭಾಸ ಕೆಂಪಜ್ಜಿ ಮೊಮ್ಮಗ," ಅವ್ವ ಹೇಳಿದಳು. "ಚಟ್ಟಕ್ಕ ಹೆಗಲ ಕೊಟ್ಟಾಂವ."

"ಅಂವ ಈ ತಪ್ಪ ಮಾಡಾಕ ಸಾಧ್ಯ ಇಲ್ಲ. ಮೂರನೇದಾಂವ?"

ನಾನು ಹೆಸರು ಹೇಳುವಷ್ಟರಲ್ಲಿ ಹೊರಗೆ ಬೈಕು ನಿಂತ ಸದ್ದಾಯಿತು. ಅಪ್ಪನ ಹಾಜರಿ ಪತ್ರ ತಂದುಕೊಡಲು ನಾಲ್ಕು ಗಂಟೆಗೆ ಬರುತ್ತೇನೆ ಎಂದು ಆ ಮೂರನೆಯವನೇ ಮುಂಜಾನೆ ಫೋನು ಮಾಡಿದ್ದ.

ವಿರೂಪಾಕ್ಷಣ್ಣ ನಮ್ಮ ಓಣಿಯವನು. ತಾಯಿ ಸತ್ತ ಮೇಲೆ ಐದು ವರ್ಷ ನಮ್ಮ ಮನೆಯಲ್ಲಿ ಉಂಡು ರಾಮದುರ್ಗದ ಕಾಲೇಜಿಗೆ ಹೋದವನು. ಈಗ ಕಂಪನಿಯ ಪರಿಸರ ಅಧಿಕಾರಿ. ಅಪ್ಪನಿಗೆ ಹಕ್ಕಿ ಹುಡುಕುವ ಕೆಲಸ, ನನಗೆ ಸವದತ್ತಿಯ ಆಫೀಸಿನಲ್ಲಿ ಕುರ್ಚಿ, ಎರಡನ್ನೂ ಕೊಡಿಸಿದವನು ಅವನೇ. ಯಂತ್ರಕ್ಕೆ ಅನುಮಾನ ಬಂದ ಚಿತ್ರಗಳು ಆ ಆಫೀಸಿಗೆ ಬರುತ್ತವೆ. ಅದು ಹದ್ದು ಹೌದೋ ಅಲ್ಲವೋ ಎಂದು ನಾವು ಎಂಟು ಮಂದಿ ನೋಡಿ ಹೇಳುತ್ತೇವೆ. ನನ್ನದು ಆರನೆಯ ಕುರ್ಚಿ.

"ಬಾರಪಾ ಸಾಹೇಬಾ," ರಾಚವ್ವ ಕರೆದಳು. "ಸೆಕೆ ಆದ್ರ ತಡಕೋಬೇಕು. ಗುಡ್ಡದ ಮ್ಯಾಲ ನಲವತ್ತೊಂದ ಫ್ಯಾನ್ ತಿರಗತಾವ, ಈ ಮನಿಯಾಗಿನ ಒಂದ ತಿರಗವಲ್ದು. ಮುಂಜಾನಿಂದ ಕರೆಂಟ್ ಇಲ್ಲ."

ಅವನು ನಕ್ಕ. ಚಪ್ಪಲಿ ಬಿಟ್ಟು ಒಳಗೆ ಬಂದ. ಅವ್ವನ ಎದುರು ಒಂದು ಚೀಲ ಬಾಳೆಹಣ್ಣು ಇಟ್ಟ.

"ಹೆಂಗದಿ ಕಾಕೂ?"

ಅವ್ವ ತಲೆ ಆಡಿಸಿದಳು.

"ಹಾಜರಿ ಪತ್ರ ತಂದೇನ್ರಿ," ಅವನು ರಾಚವ್ವನಿಗೆ ಹೇಳಿದ. "ಅಮಾಸಿ ದಿನಾ ಸಹಿ ಇಲ್ಲ. ನಾ ಏನ ಮಾಡಲ್ರಿ, ಖಾಲಿ ಇದ್ದದ್ದನ್ನ ತುಂಬಾಕ ಬರೂದಿಲ್ಲಲ್ಲ."

"ಖಾಲಿ ಇದ್ದದ್ದನ್ನ ತುಂಬಾಕ ಬರೂದಿಲ್ಲ," ರಾಚವ್ವ ಅದನ್ನೇ ಹೇಳಿದಳು. "ಅಮಾಸಿ ದಿನಾ ನೀ ಎಲ್ಲಿದ್ದಿ?"

"ಕಿತ್ತೂರಾಗ. ಹೈವೇ ಬಾಜೂ ಹೋಟೆಲಿನ್ಯಾಗ ಮೀಟಿಂಗ್ ಇತ್ರಿ, ಎರಡ ದಿನದ್ದು. ಠಾಣೆದಾಗ ಹೇಳೇನಲ್ರಿ."

"ಅಯ್ಯ, ಚರಗಕ್ಕ ಬರಲಿಲ್ಲೇನ? ವರ್ಷಕ್ಕೊಮ್ಮೆ ಸಜ್ಜಿರೊಟ್ಟಿ, ಎಣ್ಣಿಗಾಯಿ ಪಲ್ಯ."

"ನಸೀಬದಾಗ ಇರಲಿಲ್ಲ ಬಿಡ್ರಿ. ಮುಂಜಾನೆ ಒಂಬತ್ತಕ್ಕ ನೆನಪಾಗಿತ್ತು. ಸವದತ್ತಿ ಆಫೀಸಿಗೆ ಮೆಸೇಜ್ ಹಾಕಿದ್ನಿ, ಇವತ್ತ ಹೊಲದಾಗ ಮಂದಿ ಭಾಳ ಇರತಾರ ಅಂತ."

"ಹಂಗಾ. ಅವತ್ತ ನಿಮ್ಮೂರಾಗ ಯಾರ ಸತ್ತಿದ್ರು?"

ಅವನು ಅವ್ವನ ಕಡೆ ನೋಡಿದ. "ದುರ್ಗಪ್ಪ ಕಾಕಾ."

"ಮತ್ತ?"

ಬೀದಿಯಲ್ಲಿ ಸುರೇಬಾನದ ಬಸ್ಸು ಹಾರ್ನು ಹೊಡೆಯುತ್ತ ಹೋಯಿತು. ಅದು ತಿರುವು ದಾಟುವವರೆಗೂ ಅವನು ಅದರ ಕಡೆಗೇ ನೋಡುತ್ತಿದ್ದ. ಅವನಿಗೆ ಗೊತ್ತಿತ್ತು. ಇಪ್ಪತ್ತು ದಿನದಿಂದ ಯಾರಾದರೂ ಇದನ್ನು ಕೇಳುತ್ತಾರೆ ಎಂದು ಕಾಯುತ್ತಿದ್ದ.

"ಮರುದಿನ ಗೊತ್ತಾತು," ಎಂದ. "ಕಾಕಾನ ಮಣ್ಣಿಗೆ ಬಂದಾಗ. ಅಷ್ಟರಾಗ ವಿಡಿಯೊ ಮಾಡಿ ಕೊಟ್ಟ ಆಗಿತ್ತು."

ಅವ್ವ ಬಾಳೆಹಣ್ಣಿನ ಚೀಲವನ್ನು ಕೈಯಿಂದ ದೂರ ಸರಿಸಿದಳು.

"ಫೋನ್ ಮಾಡಿದಾಂವ ನೀನ?" ರಾಚವ್ವನ ದನಿ ಏರಲಿಲ್ಲ.

"ಹೌದ್ರಿ. ಮೊಬೈಲಿನ್ಯಾಗ ಕ್ಯಾಮೆರಾ ನೋಡಿದ್ನಿ, ಟ್ರಾನ್ಸ್‌ಫಾರ್ಮರ್ ತಂತಿಗೆ ಒಂದ ಹದ್ದು ಜೋತಬಿದ್ದಿತ್ತು. ಎಂಟನೇದು. ಯಂತ್ರ ಇನ್ನಾ ಎಣಿಸಿರಲಿಲ್ಲ. ಸಂಜಿ ಮುಂದ ಎಣಿಕಿ ತಪಾಸಣಾ ಮಾಡಾಕ ಬರಾವ್ರಿದ್ರು. ಅದನ್ನ ಇಳಿಸಿ ಎಲ್ಯಾರ ಹುಗಿ ಅಂತ ಕಾಕಾಗ ಹೇಳಿದ್ನಿ."

"ಕರೆಂಟ್ ಇದ್ದಲ್ಲಿ?"

"ಅವತ್ತ ಫ್ಯಾನ್ ನಿಂತಿದ್ವು. ಇನ್ನೊಂದ ಹದ್ದು ತಿರಗತಿತ್ತು, ಯಂತ್ರ ನಿಲ್ಲಿಸಿತ್ತು. ಫ್ಯಾನ್ ನಿಂತಾವ ಅಂದ್ರ ಕರೆಂಟ್ ಇಲ್ಲ ಅಂತ ಕಾಕಾ ತಿಳಕೊಂಡ. ಫ್ಯಾನ್ ನಿಂತ್ರೂ ತಂತಿಯೊಳಗ ಹೊರಗಿಂದ ಬಂದ ಕರೆಂಟ್ ಇರತೈತಿ. ನಾ ಹೇಳಬೇಕಿತ್ತು. ಹೇಳಲಿಲ್ಲ."

"ಹೇಳಲಿಲ್ಲ. ಮ್ಯಾಲಿಂದ ಕಳ್ಳನ್ನ ಮಾಡಿದಿ."

"ಎಂಟನೇ ಹದ್ದಂದ್ರ ಏನ ಗೊತ್ತೇನ್ರಿ ನಿಮಗ?" ಅವನ ದನಿ ಈಗ ಏರಿತು. "ಹಗಲೆಲ್ಲಾ ಗುಡ್ಡಾ ಬಂದ್. ನಮ್ಮೂರ ಮೂವತ್ತ ಮಂದಿ ಮನಿಗೆ. ಕಲ್ಲಿದ್ದಲ ಸುಡಬ್ಯಾಡ್ರಿ ಅಂತಾರ, ಖರೇ ಐತಿ. ಹದ್ದು ಸಾಯಬಾರ್ದು ಅಂತಾರ, ಅದೂ ಖರೇ ಐತಿ. ಎರಡೂ ಬರದಾವ್ರು ಎಣಸಾಕ ಯಂತ್ರ ಕೊಟ್ಟ ಹೋದ್ರು. ನಡಕ ಒಬ್ಬ ದುರ್ಗಪ್ಪ ಸತ್ರ ಬರಿಯಾಕ ಆ ಶರತ್ತಿನ ಕಾಗದದಾಗ ಒಂದ ಸಾಲ ಜಾಗಾ ಇಲ್ಲ. ನೋಡ್ರಿ ಬೇಕಾದ್ರ. ಹದ್ದಿಗೆ ಐತಿ, ಬಾವಲಿಗೆ ಐತಿ."

"ಭಾಷಣ ಚೊಲೋ ಮಾಡತಿ. ಮುಂದಿನ ಸಲ ಎಲೆಕ್ಷನ್ನಿಗೆ ನಿಲ್ಲು," ರಾಚವ್ವ ಹೇಳಿದಳು. "ಈಗ ಖರೇ ವಿಡಿಯೊ ಎಲ್ಲೈತಿ ಹೇಳು."

"ಹೋಗೇತ್ರಿ. ಕಂಪನಿಯವರು ಅವತ್ತ ಅಳಿಸಿದ್ರು."

ಅವನು ಸುಳ್ಳು ಹೇಳುತ್ತಿರಲಿಲ್ಲ. ಆದರೆ ಪೂರ್ತಿ ಹೇಳಿಯೂ ಇರಲಿಲ್ಲ. ಮಾತು ಮುಗಿಯುವ ಹೊತ್ತಿಗೆ ಅವನ ಕೈ ಅಂಗಿಯ ಜೇಬಿನ ಮೇಲೆ ಹೋಗಿ, ಅಲ್ಲೇ ನಿಂತಿತ್ತು.

"ಒಂದ ಚಿತ್ರಾರ ಉಳದೈತಿ," ನಾನು ಹೇಳಿದೆ. "ಹೌದಿಲ್ಲೋ ಅಣ್ಣಾ? ನಿನ್ನ ಮೊಬೈಲಿನ್ಯಾಗ."

"ಅದನ್ನ ಕೇಳಬ್ಯಾಡ ಮಾಲಾ."

"ಯಾಕ?"

"ಕೇಳಬ್ಯಾಡ ಅಂದ್ನಿ. ಅಳಸಬೇಕಂತ ನಾಕ ಸಲ ಕೈ ಹಾಕೇನಿ. ಆಗಿಲ್ಲ. ಹಂಗಂತ ಕೊಡಾಕೂ ಆಗೂದಿಲ್ಲ."

"ನಾಳೆ ಹನ್ನೊಂದಕ್ಕ ನಮ್ಮಪ್ಪನ್ನ ಕಳ್ಳ ಅಂತ ಬರೀತಾರ."

ನಾನು ಇಷ್ಟು ಜೋರಾಗಿ ಮಾತಾಡಿದ್ದು ಯಾವತ್ತೂ ಇಲ್ಲ. ಅವ್ವ ತಿರುಗಿ ನೋಡಿದಳು.

ವಿರೂಪಾಕ್ಷಣ್ಣ ಮೊಬೈಲು ತೆಗೆದ. ಬೆರಳು ಆಡಿಸಿದ. ನನ್ನ ಕೈಗೆ ಕೊಟ್ಟು, ಮುಖವನ್ನು ಬಾಗಿಲ ಕಡೆ ಮಾಡಿಕೊಂಡ.

ಚಿಕ್ಕ ಚೌಕ ಚಿತ್ರ. ಆಫೀಸಿನಲ್ಲಿ ನನ್ನ ಮುಂದೆ ದಿನಕ್ಕೆ ಮೂರು ಸಾವಿರ ಬರುತ್ತವಲ್ಲ, ಅಂಥದೇ. ಬೂದು ಬಣ್ಣ. ಬೇಲಿಯ ಹತ್ತಿರ ಬಾಗಿದ ಒಂದು ಕರಿಯ ಆಕಾರ. ತಲೆಯ ಮೇಲಿಂದ ಕಂಬಳಿ, ಅದರಿಂದ ಮೇಲಕ್ಕೆ ಎದ್ದ ಒಂದು ತೆಳ್ಳನೆಯ ಗೆರೆ. ಮುಖ ಇಲ್ಲ. ಕೆಳಗೆ ಒಂದು ಸಾಲು: ಹನ್ನೊಂದು ನಲವತ್ತೆರಡು. ಫ್ಯಾನು ಹದಿನೇಳು. ಕುರ್ಚಿ ಆರು. ಉತ್ತರ: ಪಕ್ಷಿ ಅಲ್ಲ.

ಕುರ್ಚಿ ಆರು.

"ನಮ್ಮ ಮುಂದ ಮೂರು ಗುಂಡಿ ಇರತಾವ," ನನ್ನ ದನಿ ನನಗೇ ದೂರದಿಂದ ಕೇಳಿಸಿತು. ರಾಚವ್ವನಿಗೆ ಹೇಳುತ್ತಿದ್ದೆನೋ, ಅವ್ವನಿಗೋ. "ಪಕ್ಷಿ. ಪಕ್ಷಿ ಅಲ್ಲ. ಮನುಷ್ಯ. ತಂತಿ ಹತ್ರ ಯಾರಾರ ಕಂಡು, ಮನುಷ್ಯ ಅಂತ ಒತ್ತಿದ್ರ, ಕಂಟ್ರೋಲ್ ರೂಮಿನ್ಯಾಗ ಗಂಟಿ ಹೊಡಿತೈತಿ. ಲೈನ್ ಬಂದ್ ಮಾಡತಾರ."

"ಮತ್ತ ನೀ ಯಾಕ ಒತ್ತಲಿಲ್ಲ?" ರಾಚವ್ವ ಕೇಳಿದಳು.

"ಮುಂಜಾನೆ ಒಂಬತ್ತಕ್ಕ ಮೆಸೇಜ್ ಬಂದಿತ್ತು. ಇವತ್ತ ಚರಗ. ಹೊಲದಾಗ ಮಂದಿ ತುಂಬಿರತಾರ. ದಿನಾ ಪೂರ್ತಿ ಗಂಟಿ ಹೊಡಿತೈತಿ. ಯಾರ ಕಂಡ್ರೂ 'ಪಕ್ಷಿ ಅಲ್ಲ' ಅಂತ ಒತ್ತರಿ ಅಂತ."

ಯಾರೂ ಹೊಲಕ್ಕೆ ಹೋಗಿರದ ದಿನ. ಆ ಗುಡ್ಡದಲ್ಲಿ ಇದ್ದ ಒಬ್ಬನೇ ಮನುಷ್ಯ.

"ನಂದ ತಪ್ಪು," ವಿರೂಪಾಕ್ಷಣ್ಣ ಬಾಗಿಲಿಗೆ ಹೇಳಿದಂತೆ ಹೇಳಿದ. "ಮೆಸೇಜ್ ನಾನ ಹಾಕಿದ್ನಿ. ಆದ್ರ ಆ ಮೆಸೇಜಿನ ಗುರುತ ಈಗ ಎಲ್ಲೂ ಇಲ್ಲ, ಕಂಪನಿಯವರು ಒರಸ್ಯಾರ. ಈ ಚಿತ್ರ ನಾಳೆ ಕೊಟ್ರ ಕಾಕಾ ಕಳ್ಳ ಅಲ್ಲ ಅಂತ ಆಗತೈತಿ. ಜೋಡಿಗೆ, ಮನುಷ್ಯನ್ನ ನೋಡೀನೂ ಮನುಷ್ಯ ಅಲ್ಲ ಅಂದಾಕಿ ಯಾರು ಅಂತನೂ ಆಗತೈತಿ. ಕಂಪನಿ ವಕೀಲ ಅಷ್ಟನ್ನ ಹಿಡದ ಕುಂದರತಾನ. ಅದಕ್ಕ ಕೇಳಬ್ಯಾಡ ಅಂದ್ನಿ."

ನನ್ನನ್ನು ಕಾಪಾಡುತ್ತಿದ್ದಾನೋ, ಹೆದರಿಸುತ್ತಿದ್ದಾನೋ, ಗೊತ್ತಾಗಲಿಲ್ಲ. ಪ್ರಾಯಶಃ ಅವನಿಗೂ ಗೊತ್ತಿರಲಿಲ್ಲ.

ರಾಚವ್ವ ಅವನ ಹತ್ತಿರ ಹೋದಳು. "ಹನ್ನೆರಡ ಮಂದೀನ ಇಲ್ಲದಲ್ಲಿ ಹುಟ್ಟಿಸಿದಾಂವ ನೀನು. ಕುರ್ಚಿ ಆರು ಅಂತ ಒಂದ ಸಾಲ ಬರಿಯೂದ ನಿನಗೇನ ದೊಡ್ಡದು? ಈ ಹುಡುಗಿ ಬಾಯಿ ಮುಚ್ಚಸಾಕ ಇದನ್ನೂ ಹೆಣಿಸಿ ತಂದಿ ಅಂತ ನಾ ಅಂತೇನಿ. ಅಲ್ಲಂತ ತೋರಸು ನೋಡೂಣು."

ವಿರೂಪಾಕ್ಷಣ್ಣ ತಿರುಗಿದ. ಮೊಬೈಲಿಗೆ ಕೈ ಚಾಚಿ, ಮತ್ತೆ ಹಿಂದಕ್ಕೆ ಎಳೆದುಕೊಂಡ.

ರಾಚವ್ವ ನನಗೆ ಒಂದು ದಾರಿ ತೆರೆದುಕೊಟ್ಟಿದ್ದಳು. ಸುಳ್ಳು ಚಿತ್ರ ಎಂದುಬಿಟ್ಟರೆ ಸಾಕಿತ್ತು. ಅವಳ ಕಣ್ಣೂ ಅದನ್ನೇ ಹೇಳುತ್ತಿತ್ತು.

ಆದರೆ ಆ ತೆಳ್ಳನೆಯ ಗೆರೆ ನನಗೆ ನೆನಪಿತ್ತು. ಬೇಲಿಗೆ ಸಿಕ್ಕ ಹರಿದ ತಾಡಪತ್ರಿ,  ಅದರ ಮೇಲೊಂದು ಒಣ ಜೋಳದ ದಂಟು ಎಂದುಕೊಂಡಿದ್ದೆ. ಇಲ್ಲ. ಅಷ್ಟು ಕೂಡ ಅಂದುಕೊಂಡಿರಲಿಲ್ಲ. ಮನುಷ್ಯ ಇರಬಹುದು ಅನ್ನಿಸಿತ್ತು. ಒತ್ತಬೇಡ ಎಂದಿದ್ದಾರಲ್ಲ, ಎಂದು ಒತ್ತಿರಲಿಲ್ಲ. ಅದರ ಹಿಂದೆಯೇ ಮುಂದಿನ ಚಿತ್ರ ಬಂದಿತ್ತು. ಕಾಗೆ.

"ಇದು ಖರೇ ಐತಿ ದೊಡ್ಡವ್ವಾ," ಎಂದೆ. "ನಾ ನೋಡೇನಿ ಇದನ್ನ. ನಾನ ಒತ್ತೇನಿ."

ರಾಚವ್ವ ಒಂದು ಹೆಜ್ಜೆ ಹಿಂದೆ ಸರಿದಳು.

ಅವ್ವ ಎದ್ದಳು. ಮಂಡಿ ಹಿಡಿದುಕೊಂಡು ನಿಧಾನ ಎದ್ದು ಬಂದು ನಮ್ಮ ಮೂವರ ನಡುವೆ ನಿಂತಳು. ಸೆರಗಿನಿಂದ ಕೈ ಒರೆಸಿಕೊಂಡಳು, ಒಂದು ಕೈ, ಆಮೇಲೆ ಇನ್ನೊಂದು.

"ನನಗೊಮ್ಮೆ ತೋರಸ್ರಿ ಅದನ್ನ," ಎಂದಳು.

ವಿರೂಪಾಕ್ಷಣ್ಣ ರಾಚವ್ವನ ಕಡೆ ನೋಡಿದ. ರಾಚವ್ವ ನನ್ನ ಕಡೆ ನೋಡಿದಳು. ಮೊಬೈಲು ನನ್ನ ಕೈಯಲ್ಲಿತ್ತು. ನಾನು ಅದನ್ನು ಅವ್ವನ ಕಡೆ ತಿರುಗಿಸಿದೆ.